ಮೊದಲ ಬೇಸ್‌ಗೆ ನೇರ ಓಟ, ಎರಡನೆಯದಕ್ಕೆ ಬಳಸು ಓಟ

ಬೇಸ್‌ಬಾಲ್‌ನಂಥದ್ದೇ ಆಟವಾದ ಸಾಫ್ಟ್‌ಬಾಲ್‌ನಲ್ಲಿ ಚೆಂಡು ಹೊಡೆದವರು ಒಂದೊಂದಾಗಿ ಮುಟ್ಟುತ್ತ ಓಡಬೇಕಾದ ಗುರುತುಗಳೇ ಬೇಸ್; ಬೇಸ್‌ನಿಂದ ಬೇಸ್‌ಗೆ 60 ಅಡಿ, ಅಂದರೆ 18.29 ಮೀಟರ್. ಬೇಸ್‌ಬಾಲ್‌ನಲ್ಲಿ 90 ಅಡಿ. ಇಷ್ಟು ಕಡಿಮೆ ದೂರದಲ್ಲಿ ಕಾಲಿನ ವೇಗಕ್ಕಿಂತ ಓಡುವ ದಾರಿಯೇ ಹೆಚ್ಚು ಸಲ ಔಟ್ ತಪ್ಪಿಸುತ್ತದೆ.

ಚೆಂಡು ಇನ್‌ಫೀಲ್ಡ್‌ನಲ್ಲೇ, ಅಂದರೆ ಬೇಸ್‌ಗಳ ನಡುವಿನ ಚೌಕದಲ್ಲೇ, ಉರುಳಿದರೆ ಮೊದಲ ಬೇಸ್‌ಗೆ ನೇರ ಓಟ. ಅಲ್ಲಿ ಬೇಸ್ ತುಳಿದು ದಾಟಿಹೋಗಲು ನಿಯಮವೇ ಬಿಡುತ್ತದೆ. ಆದರೂ ಮಕ್ಕಳು ಕೊನೆಯ ಹೆಜ್ಜೆಯಲ್ಲಿ ಹಾರುತ್ತಾರೆ. ಗಾಳಿಯಲ್ಲಿರುವಷ್ಟು ಹೊತ್ತು ನೆಲವನ್ನು ಒದೆಯಲಾಗದು, ವೇಗ ಕೂಡದು. ಬೇಸ್‌ನಾಚೆ 4 ಮೀಟರಿಗೆ ಸುಣ್ಣದ ಗೆರೆ ಎಳೆದು, ಓಟ ಮುಗಿಯುವುದು ಅಲ್ಲಿ ಎಂದು ಹೇಳಿಕೊಡಿ.

ಚೆಂಡು ದೂರ ಹೋದಾಗ ಎರಡನೇ ಬೇಸ್‌ಗೂ ಓಡಬೇಕು, 90 ಡಿಗ್ರಿ ತಿರುಗಬೇಕು. ತಿರುವಿನಲ್ಲಿ ದೇಹವನ್ನು ಒಳಕ್ಕೆಳೆಯುವುದು ಶೂ ಮತ್ತು ನೆಲದ ನಡುವಿನ ಘರ್ಷಣೆ. ಬೇಕಾಗುವ ವೇಗೋತ್ಕರ್ಷವೆಂದರೆ ವೇಗದ ವರ್ಗವನ್ನು ತಿರುವಿನ ತ್ರಿಜ್ಯದಿಂದ ಭಾಗಿಸಿದಷ್ಟು. ಸೆಕೆಂಡಿಗೆ 6 ಮೀಟರ್ ಓಡುವ ಹುಡುಗಿ 3 ಮೀಟರ್ ತ್ರಿಜ್ಯದಲ್ಲಿ ತಿರುಗಿದರೆ ಅದು 12, ಗುರುತ್ವದ 9.8ಕ್ಕಿಂತ ಹೆಚ್ಚು. ಬೇಸಿಗೆಯಲ್ಲಿ ಒಣಗಿ ನೊರಜುಗಲ್ಲು ಎದ್ದ ಕೋಲಾರದ ಕೆಂಪು ನೆಲ ಅಷ್ಟು ಹಿಡಿತ ಕೊಡುವುದಿಲ್ಲ, ಕಾಲು ಜಾರಿಯೇ ಜಾರುತ್ತದೆ. ತ್ರಿಜ್ಯ 7 ಮೀಟರ್ ಆದರೆ ಸುಮಾರು 5 ಸಾಕು.

ಆದ್ದರಿಂದ ಅರ್ಧ ದಾರಿಯಿಂದಲೇ ಬಲಕ್ಕೆ ಸರಿಯುತ್ತ, ಮೊದಲ ಬೇಸ್ ಇನ್ನೂ 4 ಮೀಟರ್ ಇರುವಾಗ ಅದಕ್ಕೆ ಹೋಗುವ ನೇರ ಗೆರೆಯಿಂದ ಒಂದೂವರೆ ಮೀಟರ್ ಹೊರಗಿರಬೇಕು. ಸುಣ್ಣದಲ್ಲಿ ಬಿಲ್ಲಿನಂತೆ ಬರೆದುಬಿಡಿ. ಖೋ-ಖೋ ಕಂಬ ಸುತ್ತಿದ ಮಕ್ಕಳಿಗೆ ಮೈ ಒಳಕ್ಕೆ ವಾಲಿಸುವುದು ಬೇಗ ಬರುತ್ತದೆ. ಬೇಸ್‌ನ ಒಳಮೂಲೆಯನ್ನು ಸಿಕ್ಕ ಕಾಲಿನಿಂದ ತುಳಿಯಲಿ. ಎಡಗಾಲೇ ಬರಲೆಂದು ಹೆಜ್ಜೆ ಚಿಕ್ಕದು ಮಾಡಿದರೆ ಬಳಸಿದ ಲಾಭ ಅಲ್ಲೇ ಹೋಯಿತು. ಮಡಚಿದ ಗೋಣಿಚೀಲವನ್ನು ಬೇಸ್ ಮಾಡಬೇಡಿ, ತುಳಿದಾಗ ಸರಿದು ಕಣಕಾಲು ಉಳುಕುತ್ತದೆ. ನೆಲದ ಮೇಲೆ ಸುಣ್ಣದ ಚೌಕವೇ ವಾಸಿ.

ಬೇಸ್ ಕದಿಯುವುದು, ಅಂದರೆ ಹೊಡೆತಕ್ಕೆ ಕಾಯದೆ ಮುಂದಿನ ಬೇಸ್‌ಗೆ ಓಡುವುದು, ಪೂರ್ತಿ ಸೆಕೆಂಡುಗಳ ಲೆಕ್ಕ. ಚೆಂಡೆಸೆಯುವ ಪಿಚರ್ ಕೈಯಿಂದ ಚೆಂಡು ಬಿಡುವ ಮುನ್ನ ಬೇಸ್ ಬಿಟ್ಟರೆ ಔಟ್. ಚೆಂಡು ಬ್ಯಾಟುಗಾರ್ತಿಯ ಹಿಂದೆ ಕೂತ ಕ್ಯಾಚರ್‌ಗೆ ತಲುಪಲು 0.6, ಆಕೆ ಎದ್ದು ಎಸೆಯಲು 1, ಸೆಕೆಂಡಿಗೆ 20 ಮೀಟರಿನಂತೆ ಎರಡನೇ ಬೇಸ್‌ವರೆಗಿನ 25.9 ಮೀಟರಿಗೆ 1.3, ಅಲ್ಲಿ ಚೆಂಡು ಹಿಡಿದು ಓಟಗಾರ್ತಿಯನ್ನು ಮುಟ್ಟಲು 0.2 ಎಂದಿಟ್ಟುಕೊಳ್ಳಿ. ಒಟ್ಟು 3.1. ಓಟಗಾರ್ತಿಗೆ 3.3 ಬೇಕಾದರೆ ಗೆಲ್ಲಬೇಕಾದ್ದು 0.2 ಮಾತ್ರ. ಅದು ಸಿಗುವುದು ಹೊರಡುವ ಹೆಜ್ಜೆಯಲ್ಲಿ: ಹಿಂದಿನ ಕಾಲನ್ನು ಬೇಸ್ ಅಂಚಿಗೊತ್ತಿ, ಪಿಚರ್ ಕೈ ಕೆಳಗಿಳಿಯುವಾಗಲೇ ಮೈಭಾರ ಮುಂದಕ್ಕೆ ತೂಗಿ, ಚೆಂಡು ಬಿಟ್ಟ ಕ್ಷಣ ಒದ್ದು ಹೊರಡಬೇಕು. ಕಣ್ಣು ಪಿಚರ್ ಕೈ ಮೇಲಿರಲಿ, ಮುಖದ ಮೇಲಲ್ಲ.