ಫ್ಲೈ ಗಾಳದ ಗಂಟು ಕೈಕೊಡುವುದು ಬಿಗಿಯುವ ಹಂತದಲ್ಲಿ

ಹಿಮಾಚಲದ ತೀರ್ಥನ್ ಹೊಳೆಗೆ ಟ್ರೌಟ್ ಹಿಡಿಯಲು ಹೊರಡುವವರು ಫ್ಲೈ (ಗರಿ, ನೂಲುಗಳಿಂದ ಹುಳುವಿನಂತೆ ಕಟ್ಟಿದ ಕೃತಕ ಎರೆ) ಗಾಳದ ಕೋಲು, ರೀಲುಗಳ ಬಗ್ಗೆ ಬಹಳ ವಿಚಾರಿಸುತ್ತಾರೆ. ಗಂಟಿನ ಬಗ್ಗೆ ಕೇಳುವವರು ಕಡಿಮೆ. ಫ್ಲೈ ಕಟ್ಟುವ ತುದಿಯ ತಂಗೂಸಿಗೆ ಟಿಪೆಟ್ ಎನ್ನುತ್ತಾರೆ. ಅದರ ದಪ್ಪವನ್ನು ಎಕ್ಸ್ ಸಂಖ್ಯೆಯಿಂದ ಗುರುತಿಸಲಾಗುತ್ತದೆ: 11ರಿಂದ ಆ ಸಂಖ್ಯೆಯನ್ನು ಕಳೆದರೆ ಬರುವುದೇ ಸಾವಿರದ ಒಂದಂಶ ಇಂಚುಗಳ ಲೆಕ್ಕದಲ್ಲಿ ಅದರ ದಪ್ಪ. 5ಎಕ್ಸ್ ಟಿಪೆಟ್ ಸುಮಾರು 0.15 ಮಿ.ಮೀ. ಇರುತ್ತದೆ. ಇಷ್ಟು ತೆಳುವಾದ ದಾರದಲ್ಲಿ ಗಂಟಿನ ಸಣ್ಣ ದೋಷವೂ ಮೀನು ಎಳೆದಾಗ ಬಯಲಾಗುತ್ತದೆ.

ಟಿಪೆಟ್‌ಗೆ ಫ್ಲೈ ಕಟ್ಟಲು ನಾನು ಮೊದಲು ಕಲಿಸುವುದು ಇಂಪ್ರೂವ್ಡ್ ಕ್ಲಿಂಚ್ ಗಂಟನ್ನು. ದಾರದ ತುದಿಯನ್ನು ಗಾಳದ ಕಣ್ಣಿನಲ್ಲಿ ತೂರಿಸಿ, ಮೂಲ ದಾರದ ಸುತ್ತ ಐದು ಸುತ್ತು ಹಾಕಿ, ಕಣ್ಣಿನ ಪಕ್ಕದಲ್ಲೇ ಉಳಿದ ಸಣ್ಣ ಕುಣಿಕೆಯೊಳಗೆ ನುಗ್ಗಿಸಿ, ಆಗ ಹುಟ್ಟುವ ದೊಡ್ಡ ಕುಣಿಕೆಯಲ್ಲೂ ಹೊರತರಬೇಕು. ಇಷ್ಟನ್ನು ಬಹುತೇಕರು ಸರಿಯಾಗಿಯೇ ಮಾಡುತ್ತಾರೆ, ತಪ್ಪುವುದು ಬಿಗಿಯುವಾಗ. ಒಣ ನೈಲಾನನ್ನು ಒಮ್ಮೆಲೇ ಜಗ್ಗಿದರೆ ಸುತ್ತುಗಳು ಒಂದಕ್ಕೊಂದು ಉಜ್ಜಿ ಬಿಸಿಯಾಗುತ್ತವೆ, ಆ ಬಿಸಿಗೆ ದಾರ ಅಲ್ಲೇ ಸತ್ವ ಕಳೆದುಕೊಳ್ಳುತ್ತದೆ. ಆದ್ದರಿಂದ ಗಂಟನ್ನು ಎಂಜಲಿನಿಂದಲೋ ಹೊಳೆಯ ನೀರಿನಿಂದಲೋ ಒದ್ದೆ ಮಾಡಿ, ಮೂಲ ದಾರವನ್ನು ನಿಧಾನವಾಗಿ, ಒಂದೇ ಸಮನಾಗಿ ಎಳೆಯಬೇಕು. ಸುತ್ತುಗಳು ಒಂದರ ಮೇಲೊಂದು ಹತ್ತದೆ ಸಾಲಾಗಿ ಕೂರಬೇಕು. ಹತ್ತಿದ್ದರೆ ಒತ್ತಡ ಬಿದ್ದಾಗ ಮೇಲಿನ ಎಳೆ ಕೆಳಗಿನದನ್ನು ಕೊರೆಯುತ್ತದೆ. ಹಾಗೆ ಕಂಡರೆ ಆ ಗಂಟನ್ನು ಕತ್ತರಿಸಿ ಹೊಸದಾಗಿ ಕಟ್ಟಿ, ಸರಿಪಡಿಸಲು ಹೋಗಬೇಡಿ. ಫ್ಲೋರೋಕಾರ್ಬನ್ ದಾರ ಇನ್ನೂ ಗಡುಸಾಗಿರುವುದರಿಂದ ಅದರ ಗಂಟು ಕೂರಲು ಹೆಚ್ಚಿನ ತಾಳ್ಮೆ ಬೇಕು.

ಮೀನು ತಪ್ಪಿಸಿಕೊಂಡಾಗ ಉಳಿದ ದಾರದ ತುದಿಯನ್ನು ಬೆಳಕಿಗೆ ಹಿಡಿದು ನೋಡುವ ಅಭ್ಯಾಸ ಬೆಳೆಸಿಕೊಳ್ಳಿ, ಏಕೆಂದರೆ ಇದರಷ್ಟು ಕಲಿಸುವುದು ಬೇರೊಂದಿಲ್ಲ. ತುದಿ ಹಂದಿಯ ಬಾಲದಂತೆ ಸುರುಳಿಯಾಗಿದ್ದರೆ ಗಂಟು ಜಾರಿದೆ ಎಂದರ್ಥ: ಸುತ್ತುಗಳು ಕಡಿಮೆಯಾಗಿರಬಹುದು, ಪೂರ್ತಿ ಬಿಗಿಯದೆ ಬಿಟ್ಟಿರಬಹುದು, ಇಲ್ಲವೇ ಹೆಚ್ಚಿನ ತುದಿಯನ್ನು ತೀರಾ ಒತ್ತಿ ಕತ್ತರಿಸಿರಬಹುದು. ಗಂಟಿದ್ದ ಜಾಗದಲ್ಲೇ ನೇರವಾಗಿ ತುಂಡಾಗಿದ್ದರೆ ಒಣಗಿದ್ದಾಗ ಜಗ್ಗಿದ್ದರ ಬಗ್ಗೆ, ಎಳೆಯ ಮೇಲೆ ಎಳೆ ಕುಳಿತಿದ್ದರ ಬಗ್ಗೆ ಅನುಮಾನಪಡಿ. ದಾರದ ಮಧ್ಯದಲ್ಲಿ ತುಂಡಾಗಿ ತುದಿ ದೊರಗಾಗಿದ್ದರೆ ಅದು ಬಂಡೆಗೆ ಉಜ್ಜಿದ್ದು.

ಟಿಪೆಟ್ಟನ್ನು ಲೀಡರ್‌ಗೆ, ಅಂದರೆ ದಪ್ಪನೆಯ ಫ್ಲೈ ದಾರಕ್ಕೂ ಟಿಪೆಟ್‌ಗೂ ನಡುವೆ ಇರುವ ದಾರಕ್ಕೆ, ಜೋಡಿಸಲು ಬೇರೆ ಗಂಟು ಬೇಕು. ಎರಡರ ದಪ್ಪ ಹೆಚ್ಚುಕಡಿಮೆ ಒಂದೇ ಇದ್ದಾಗ ಬ್ಲಡ್ ಗಂಟು ಚೆನ್ನಾಗಿ ಕೂರುತ್ತದೆ. ದಪ್ಪದಲ್ಲಿ ಅಂತರವಿದ್ದರೆ ಸರ್ಜನ್ಸ್ ಗಂಟೇ ವಾಸಿ, ಕೈ ಮರಗಟ್ಟಿದ ಬೆಳಗಿನ ಚಳಿಯಲ್ಲಿ ಅದನ್ನು ಕಟ್ಟುವುದೂ ಸುಲಭ. ಎರಡೂ ದಾರಗಳನ್ನು ಜೋಡಿಸಿ ಹಿಡಿದು, ಕುಣಿಕೆಯಲ್ಲಿ ಎರಡು ಬಾರಿ ತೂರಿಸಿ, ಒದ್ದೆ ಮಾಡಿ, ನಾಲ್ಕೂ ಎಳೆಗಳನ್ನು ಒಟ್ಟಿಗೆ ಎಳೆಯಬೇಕು.

ಗಾಳ ಬೀಸುವಾಗ ತಾನಾಗಿಯೇ ಬೀಳುವ ಗಾಳಿಗಂಟನ್ನು ಮಾತ್ರ ಯಾರೂ ಗಮನಿಸುವುದಿಲ್ಲ. ಅದು ಟಿಪೆಟ್‌ನ ಬಲವನ್ನು ಬಹಳವೇ ತಗ್ಗಿಸುತ್ತದೆ. ಆಗಾಗ ಟಿಪೆಟ್ಟನ್ನು ಎರಡು ಬೆರಳುಗಳ ನಡುವೆ ಎಳೆದು ನೋಡಿ. ಗಂಟೋ ದೊರಗೋ ತಗುಲಿದರೆ ಆ ಭಾಗವನ್ನು ಕತ್ತರಿಸಿ ಮತ್ತೆ ಕಟ್ಟಿ. ಹಿಡಿದ ಮೀನನ್ನು ಹೊಳೆಗೇ ಬಿಡುವವರಿಗಂತೂ ಇದು ಇನ್ನಷ್ಟು ಮುಖ್ಯ, ಏಕೆಂದರೆ ದಾರ ತುಂಡಾದರೆ ಮೀನು ಬಾಯಲ್ಲಿ ಗಾಳವನ್ನು ಕಚ್ಚಿಕೊಂಡೇ ಹೋಗುತ್ತದೆ.