ಒಂಬತ್ತನೇ ಭಾಷಣಕಾರ: ಡಿಬೇಟ್ ಜಡ್ಜ್ ಆಗಲು ಹೊರಟವರಿಗೆ ನನ್ನ ಟಿಪ್ಪಣಿ

ಮೊದಲು ಒಂದು ದೊಡ್ಡ ಹಾಳೆ ತೆಗೆದುಕೊಳ್ಳಿ. ಅಡ್ಡಲಾಗಿ ಇಟ್ಟು ಎಂಟು ಕಾಲಂ ಎಳೆಯಿರಿ. ಒಬ್ಬ ಭಾಷಣಕಾರನಿಗೆ ಒಂದು ಕಾಲಂ. ವಾದಕ್ಕೆ ನೀಲಿ ಪೆನ್ನು, ಎದುರಾಳಿಗೆ ಕೊಟ್ಟ ಉತ್ತರಕ್ಕೆ ಕೆಂಪು. ಮೊಬೈಲಿನಲ್ಲಿ ಟೈಪ್ ಮಾಡುತ್ತೇನೆ ಅನ್ನುವವರು ಒಂದೆರಡು ರೌಂಡ್ ಆದ ಮೇಲೆ ತಾವಾಗಿಯೇ ಹಾಳೆಗೆ ಬರುತ್ತಾರೆ. ಯಾವ ಮಾತಿಗೆ ಯಾರು ಉತ್ತರ ಕೊಟ್ಟರು ಎಂದು ಬಾಣದ ಗುರುತು ಎಳೆಯುವುದು ಹಾಳೆಯಲ್ಲೇ ಸುಲಭ.

ನಾನು ಮುಧೋಳ ಕಡೆಯವನು, ಓದುತ್ತಿರುವುದು ಬೆಳಗಾವಿಯಲ್ಲಿ. ಇಲ್ಲಿ ಟಿಳಕವಾಡಿಯ ಒಂದು ಕೋಣೆಯಲ್ಲಿ ಭಾನುವಾರ ನಾವು ಕೆಲವರು ಸೇರಿ ಡಿಬೇಟ್ ಅಭ್ಯಾಸ ಮಾಡುತ್ತೇವೆ. ಮಾತಾಡಲು ಎಲ್ಲರೂ ಸಿದ್ಧ, ಜಡ್ಜ್ ಮಾಡಲು ಯಾರೂ ಇಲ್ಲ. ಹಾಗಾಗಿ ಆ ಕೆಲಸ ನನ್ನ ತಲೆಗೆ ಬಂತು. ಕಲಿಯುತ್ತಾ ಬರೆದಿಟ್ಟುಕೊಂಡದ್ದು ಇದು.

ಎರಡು ಪದ್ಧತಿ ಜಾಸ್ತಿ ಕಾಣುತ್ತವೆ. ಏಷ್ಯನ್ ಪಾರ್ಲಿಮೆಂಟರಿಯಲ್ಲಿ ಎರಡು ತಂಡ, ತಂಡಕ್ಕೆ 3 ಜನ. ಒಂದು ತಂಡ ಗೆಲ್ಲುತ್ತದೆ, ಒಂದು ಸೋಲುತ್ತದೆ. ಕೊನೆಯಲ್ಲಿ 4 ನಿಮಿಷದ ರಿಪ್ಲೈ ಭಾಷಣ ಇರುತ್ತದೆ, ಅದರಲ್ಲಿ ವಿರೋಧ ಪಕ್ಷವೇ ಮೊದಲು ಮಾತಾಡುತ್ತದೆ. ಇನ್ನೊಂದು ಬ್ರಿಟಿಷ್ ಪಾರ್ಲಿಮೆಂಟರಿ. ಎಲ್ಲರೂ ಬಿಪಿ ಅನ್ನುತ್ತಾರೆ. 1981ರಲ್ಲಿ ಗ್ಲಾಸ್ಗೋದಲ್ಲಿ ಶುರುವಾದ ವಿಶ್ವ ವಿಶ್ವವಿದ್ಯಾಲಯ ಡಿಬೇಟ್ ಚಾಂಪಿಯನ್‌ಶಿಪ್ ಈಗ ನಡೆಯುವುದು ಬಿಪಿಯಲ್ಲೇ. 2014ರಲ್ಲಿ ಅದು ಚೆನ್ನೈಗೂ ಬಂದಿತ್ತು. ಈ ಟಿಪ್ಪಣಿ ಬಿಪಿ ಬಗ್ಗೆ. ಜಡ್ಜ್‌ಗೆ ನಿಜವಾದ ತಲೆನೋವು ಇರುವುದು ಅಲ್ಲಿ.

ಬಿಪಿಯಲ್ಲಿ ನಾಲ್ಕು ತಂಡ, ತಂಡಕ್ಕೆ ಇಬ್ಬರು. ಸರ್ಕಾರಿ ಪಕ್ಷದಲ್ಲಿ ಎರಡು: ಓಪನಿಂಗ್ ಗವರ್ನಮೆಂಟ್, ಕ್ಲೋಸಿಂಗ್ ಗವರ್ನಮೆಂಟ್. ವಿರೋಧ ಪಕ್ಷದಲ್ಲೂ ಹಾಗೆಯೇ ಎರಡು: ಓಪನಿಂಗ್ ಅಪೋಸಿಷನ್, ಕ್ಲೋಸಿಂಗ್ ಅಪೋಸಿಷನ್. ಚಿಕ್ಕದಾಗಿ ಓಜಿ, ಸಿಜಿ, ಓಓ, ಸಿಓ. ಮೋಷನ್, ಅಂದರೆ ಚರ್ಚೆಯ ವಿಷಯ, ಕೊಟ್ಟ ಮೇಲೆ ತಯಾರಿಗೆ 15 ನಿಮಿಷ. ಭಾಷಣ 7 ನಿಮಿಷ. ಮೊದಲ ನಿಮಿಷ, ಕೊನೆಯ ನಿಮಿಷ ಬಿಟ್ಟು ನಡುವೆ ಎದುರು ಪಕ್ಷದವರು ಎದ್ದು ನಿಂತು ಚಿಕ್ಕ ಪ್ರಶ್ನೆ ಕೇಳಬಹುದು. ಅದು ಪಿಒಐ. ಸುವರ್ಣ ವಿಧಾನಸೌಧದ ಚಳಿಗಾಲದ ಅಧಿವೇಶನ ನೋಡಿ ಬೆಳೆದವರಿಗೆ ಒಂದು ಸೂಚನೆ: ಇಲ್ಲಿ ಬಾವಿಗಿಳಿದು ಧರಣಿ ಮಾಡುವಂತಿಲ್ಲ, ಸಭಾತ್ಯಾಗವೂ ಇಲ್ಲ.

ವಿಚಿತ್ರ ಏನೆಂದರೆ, ಒಂದೇ ಪಕ್ಷದ ಎರಡು ತಂಡಗಳು ಒಂದೇ ಕಡೆ ವಾದಿಸಿದರೂ ಪರಸ್ಪರ ಸ್ಪರ್ಧಿಗಳು. ಜಡ್ಜ್ ನಾಲ್ಕೂ ತಂಡಗಳಿಗೆ 1ರಿಂದ 4ರವರೆಗೆ ಸ್ಥಾನ ಕೊಡಬೇಕು. ಮೊದಲನೆಯದಕ್ಕೆ 3 ಅಂಕ, ನಂತರ 2, 1, ಕೊನೆಗೆ 0. ಪಕ್ಷಕ್ಕೆ ಗೆಲುವು ಎಂಬುದೇ ಇಲ್ಲ. ಓಓ ಮೊದಲು, ಸಿಓ ಕೊನೆ ಆಗುವುದು ದಿನನಿತ್ಯದ ಮಾತು.

ಇದನ್ನೆಲ್ಲ ಬಾಯಿಪಾಠ ಮಾಡಿಕೊಂಡು ಹೋಗಿಯೂ ನಾನು ಎಡವಿದೆ. ಆ ರೌಂಡನ್ನೇ ಬಿಡಿಸಿ ಹೇಳುತ್ತೇನೆ.

ಮೋಷನ್ ಹೀಗಿತ್ತು: "ಎರಡು ಸಕ್ಕರೆ ಕಾರ್ಖಾನೆಗಳ ನಡುವೆ ಕನಿಷ್ಠ 15 ಕಿಲೋಮೀಟರ್ ಅಂತರ ಇರಬೇಕೆಂಬ ನಿಯಮವನ್ನು ಈ ಸಭೆ ರದ್ದು ಮಾಡುತ್ತದೆ." ನಮ್ಮ ಕಡೆಯವರಿಗೆ ಇದನ್ನು ವಿವರಿಸಬೇಕಿಲ್ಲ. ನಾನು ಆಗ ಟ್ರೇನಿ. ಟ್ರೇನಿ ಅಂದರೆ ಜಡ್ಜ್‌ಗಳ ಚರ್ಚೆಯಲ್ಲಿ ಮಾತಾಡಬಹುದು, ಮತ ಇಲ್ಲ.

ಓಜಿ ಹೇಳಿದ್ದು: ಅಂತರದ ನಿಯಮದಿಂದ ಒಂದು ಪ್ರದೇಶಕ್ಕೆ ಒಂದೇ ಕಾರ್ಖಾನೆ. ಕಬ್ಬು ತಂದ 14 ದಿನದಲ್ಲಿ ಬಿಲ್ಲು, ಅಂದರೆ ಕಬ್ಬಿನ ಹಣ, ಕೊಡಬೇಕು, ತಡವಾದರೆ ಶೇ. 15 ಬಡ್ಡಿ ಸೇರಿಸಬೇಕು ಎಂದು 1966ರ ಕಬ್ಬು ನಿಯಂತ್ರಣ ಆದೇಶದಲ್ಲಿದೆ. ಆದರೆ ಬೇರೆ ಕೊಳ್ಳುವವನೇ ಇಲ್ಲದಾಗ ರೈತ ದೂರು ಕೊಡುವುದಿಲ್ಲ. ಮುಂದಿನ ಹಂಗಾಮಿನಲ್ಲಿ ಕಟಾವಿನ ಸರದಿ ಹಿಂದೆ ಹೋಗುತ್ತದೆ ಎಂಬ ಭಯ. ಪಕ್ಕದಲ್ಲಿ ಇನ್ನೊಂದು ಕಾರ್ಖಾನೆ ಇದ್ದರೆ ಆ ಭಯ ಹೋಗುತ್ತದೆ.

ಓಓ ಇದಕ್ಕೆ ನೇರವಾಗಿ ಉತ್ತರ ಕೊಟ್ಟಿತು. ಪ್ರದೇಶದಲ್ಲಿ ಕಬ್ಬು ಇರುವುದೇ ಇಷ್ಟು. ಅದನ್ನು ಎರಡು ಕಾರ್ಖಾನೆ ಹಂಚಿಕೊಂಡರೆ ಎರಡೂ ಅರ್ಧ ಹಂಗಾಮು ಮಾತ್ರ ನುರಿಸುತ್ತವೆ. ಬ್ಯಾಂಕಿನ ಸಾಲ ಮಾತ್ರ ಪೂರ್ತಿ ಕಟ್ಟಬೇಕು. ದುಡ್ಡು ಕಡಿಮೆ ಬಿದ್ದಾಗ ಕಾರ್ಖಾನೆ ಮೊದಲು ತಡೆಹಿಡಿಯುವುದು ಯಾರ ಬಿಲ್ಲು? ರೈತನದು. ಅಂದರೆ ಓಜಿ ಯಾವ ರೋಗಕ್ಕೆ ಔಷಧಿ ಕೊಡಲು ಬಂದಿತ್ತೋ ಅದೇ ರೋಗ ಹೆಚ್ಚಾಗುತ್ತದೆ. ಓಜಿಯ ಎರಡನೆಯವರು, "ಕಬ್ಬು ಇಲ್ಲದ ಕಡೆ ಯಾರು ದುಡ್ಡು ಸುರಿಯುತ್ತಾರೆ?" ಎಂದು ಕೇಳಿದರು. ಓಓ ಎರಡನೆಯವರು, "ಕಾರ್ಖಾನೆ ಕಟ್ಟುವುದು ಬರೀ ಲೆಕ್ಕಾಚಾರದಿಂದ ಅಲ್ಲ, ಪ್ರತಿಷ್ಠೆಗೂ ರಾಜಕೀಯಕ್ಕೂ ಕಟ್ಟುತ್ತಾರೆ" ಎಂದರು. ಕೋಣೆಯಲ್ಲಿ ಎಲ್ಲರೂ ನಕ್ಕರು. ನಗು ಬಂತು ಎಂದು ಅಂಕ ಕೊಡಬಾರದು. ಆದರೆ ಅದರ ಹಿಂದೆ ಕಾರಣವೂ ಇತ್ತು, ಅದಕ್ಕೆ ಕೊಡಬೇಕು.

ನಂತರ ಸಿಜಿ. ಕ್ಲೋಸಿಂಗ್ ತಂಡ ಹೊಸದೇನಾದರೂ ತರಬೇಕು. ಅದನ್ನು ಎಕ್ಸ್‌ಟೆನ್ಷನ್ ಅನ್ನುತ್ತೇವೆ. ಹೊಸ ವಾದವೇ ಆಗಬೇಕೆಂದಿಲ್ಲ; ಓಪನಿಂಗ್‌ನವರು ಅರ್ಧಕ್ಕೆ ಬಿಟ್ಟದ್ದನ್ನು ಪೂರ್ತಿ ಮಾಡಿದರೂ ಆಯಿತು. ಸಿಜಿಯ ಹುಡುಗಿ ಹೇಳಿದಳು: "ಕಟಾವು ತಡವಾದರೆ ರೈತನಿಗೆ ನಷ್ಟ. ಹೆಚ್ಚು ಕಾರ್ಖಾನೆ ಇದ್ದರೆ ಕಟಾವು ಬೇಗ ಆಗುತ್ತದೆ." ಅಷ್ಟೇ. ಉಳಿದ ಸಮಯವೆಲ್ಲ ಓಜಿ ಹೇಳಿದ್ದನ್ನೇ ಬೇರೆ ಮಾತಿನಲ್ಲಿ ಹೇಳಿದ್ದು.

ನನ್ನ ತಲೆಯಲ್ಲಿ ಮಾತ್ರ ಆ ಎರಡು ವಾಕ್ಯ ಎರಡು ಪುಟ ಆದವು. ಸೂಲಂಗಿ ಬಂದ ಕಬ್ಬು ಒಳಗೆ ಬೆಂಡಾಗುವುದು, ತೂಕ ಇಳಿಯುವುದು, ಕಟಾವು ಗ್ಯಾಂಗಿಗಾಗಿ ಅಪ್ಪ ದಿನಾ ಫೋನ್ ಮಾಡುವುದು, ಕಾರ್ಖಾನೆ ಮುಂದೆ ಟ್ರ್ಯಾಕ್ಟರ್ ಸಾಲಿನಲ್ಲಿ ರಾತ್ರಿ ಕಳೆಯುವುದು, ಕಬ್ಬು ಎದ್ದು ಹೋಗದೆ ಮುಂದಿನ ಬೆಳೆಗೆ ಹೊಲ ಖಾಲಿ ಆಗದಿರುವುದು. ಇದೆಲ್ಲ ನನಗೆ ಗೊತ್ತು. ಹಾಗಾಗಿ ಸಿಜಿಗೆ ಮೊದಲ ಸ್ಥಾನ ಕೊಟ್ಟೆ.

ಜಡ್ಜ್‌ಗಳು ಚರ್ಚೆಗೆ ಕುಳಿತಾಗ ಚೇರ್, ಅಂದರೆ ಮುಖ್ಯ ಜಡ್ಜ್, ಎಲ್ಲರ ಪಟ್ಟಿ ಕೇಳಿದರು. ನನ್ನದು ಮಾತ್ರ ಬೇರೆ. ಕಾರಣ ಹೇಳು ಅಂದರು. ನಾನು ಸೂಲಂಗಿಯಿಂದ ಶುರು ಮಾಡಿದೆ. ಅವರು ತಡೆದು, "ಇದನ್ನು ಯಾರು ಹೇಳಿದರು? ಹಾಳೆಯಲ್ಲಿ ತೋರಿಸು" ಅಂದರು. ಹಾಳೆಯಲ್ಲಿ ಏನಿದೆ? "ಕಟಾವು ತಡ = ನಷ್ಟ." ಒಂದೇ ಸಾಲು. ಆ ಕೋಣೆಯಲ್ಲಿ ಎಂಟಲ್ಲ, ಒಂಬತ್ತು ಜನ ಮಾತಾಡಿದ್ದರು. ಒಂಬತ್ತನೆಯವನು ನನ್ನ ತಲೆಯೊಳಗೆ ಕೂತಿದ್ದ, ಬಾಯಿ ಬಿಡದೆ ಗೆದ್ದುಬಿಟ್ಟಿದ್ದ.

ಇದಕ್ಕೇ ನಿಯಮದಲ್ಲಿ ಒಬ್ಬ ಕಾಲ್ಪನಿಕ ಮನುಷ್ಯನನ್ನು ಇಟ್ಟಿದ್ದಾರೆ: ಸಾಮಾನ್ಯ ತಿಳಿವಳಿಕೆಯ, ಪತ್ರಿಕೆ ಓದುವ, ಯಾವ ಕಡೆಗೂ ವಾಲದ ಮತದಾರ. ಅವನಿಗೆ ಸಕ್ಕರೆ ಕಬ್ಬಿನಿಂದ ಬರುತ್ತದೆ ಎಂದು ಗೊತ್ತು. ಸೂಲಂಗಿ ಗೊತ್ತಿಲ್ಲ. ತಂಡ ಹೇಳಿದರೆ ಕೇಳಿಸಿಕೊಳ್ಳುತ್ತಾನೆ, ಹೇಳದಿದ್ದರೆ ಅವನ ಮಟ್ಟಿಗೆ ಅದು ಇಲ್ಲವೇ ಇಲ್ಲ. ಇದು ಎರಡೂ ಕಡೆಗೆ ಅನ್ವಯ. ನಿಮಗೆ ಇಷ್ಟವಾದ ವಾದವನ್ನು ನೀವು ಪೂರ್ತಿ ಮಾಡಬಾರದು, ಇಷ್ಟವಿಲ್ಲದ ವಾದಕ್ಕೆ ಯಾರೂ ಕೊಡದ ಉತ್ತರವನ್ನು ನೀವೇ ಕೊಡಬಾರದು. ಎರಡನೆಯದು ಇನ್ನೂ ಕಷ್ಟ. ಹಸಿ ಸುಳ್ಳನ್ನು ಮಾತ್ರ ಆ ಸಾಮಾನ್ಯ ಮತದಾರನೂ ಒಪ್ಪುವುದಿಲ್ಲ, ಹಾಗಾಗಿ ಅದಕ್ಕೆ ಬೆಲೆ ಕೊಡಬೇಕಿಲ್ಲ.

ನಾನೀಗ ಒಂದು ಉಪಾಯ ಮಾಡಿಕೊಂಡಿದ್ದೇನೆ. ಎಂಟು ಕಾಲಂ ಆದ ಮೇಲೆ ಬಲಗಡೆ ಇನ್ನೊಂದು ಸಣ್ಣ ಕಾಲಂ. ಭಾಷಣ ಕೇಳುವಾಗ ನನಗೇ ಹೊಳೆದದ್ದೆಲ್ಲ ಅಲ್ಲಿಗೆ. ಸ್ಥಾನ ಕೊಡುವ ಮುಂಚೆ ಆ ಅಂಚನ್ನು ಹಿಂದಕ್ಕೆ ಮಡಚಿಬಿಡುತ್ತೇನೆ. ನೋಡಿದವರು ನಗುತ್ತಾರೆ, ನಗಲಿ.

ಸಿಓ ಕಥೆ ಬೇರೆ. ಅವರ ವಾದ ನೀರಿನದು. ಕಾರ್ಖಾನೆ ಹೆಚ್ಚಾದರೆ ಕಬ್ಬು ಹೆಚ್ಚುತ್ತದೆ, ಜೋಳದ ಹೊಲವೂ ಕಬ್ಬಾಗುತ್ತದೆ, ಕಾಲುವೆಯ ಕೊನೆಯವರಿಗೆ ನೀರು ಸಿಗುವುದಿಲ್ಲ. ಹಂತ ಹಂತವಾಗಿ ಹೇಳಿದರು, ಚೆನ್ನಾಗಿಯೂ ಹೇಳಿದರು. ಆದರೆ ಅವರ ಓಪನಿಂಗ್ ಹೇಳಿದ್ದೇನು? ಕಬ್ಬು ಸಾಲದೆ ಕಾರ್ಖಾನೆಗಳು ಅರ್ಧ ಹಂಗಾಮು ಮಾತ್ರ ನುರಿಸುತ್ತವೆ ಎಂದು. ಒಂದೇ ಪಕ್ಷದಲ್ಲಿ ಒಬ್ಬರು ಕಬ್ಬು ಸಾಲದು ಅನ್ನುತ್ತಾರೆ, ಇನ್ನೊಬ್ಬರು ಕಬ್ಬು ವಿಪರೀತ ಆಗುತ್ತದೆ ಅನ್ನುತ್ತಾರೆ. ಇದಕ್ಕೆ ಡಿಬೇಟ್ ಭಾಷೆಯಲ್ಲಿ ನೈಫಿಂಗ್ ಎಂದು ಹೆಸರು. ತಮ್ಮವರ ಬೆನ್ನಿಗೇ ಚೂರಿ. ಓಜಿಯವರು ಕೂಡಲೇ ಎದ್ದು ಪಿಒಐ ಕೇಳಿದರು: "ಕಬ್ಬು ಕಡಿಮೆಯೋ ಜಾಸ್ತಿಯೋ, ಮೊದಲು ನಿಮ್ಮ ನಿಮ್ಮಲ್ಲೇ ಒಪ್ಪಿಕೊಳ್ಳಿ." ಭಾಷಣಕಾರ "ಆಮೇಲೆ ಬರುತ್ತೇನೆ" ಅಂದ. ಬರಲಿಲ್ಲ. ಅವನ ವಿಪ್, ಅಂದರೆ ತಂಡದ ಎರಡನೆಯವರು ಕೂಡ ಮುಟ್ಟಲಿಲ್ಲ. ಅಲ್ಲಿಗೆ ಓಜಿ ಖಾತೆಗೆ ಒಂದು ಕೆಲಸ ಜಮೆ. ಪಿಒಐಯನ್ನೂ ತಂಡದ ದುಡಿಮೆ ಎಂದೇ ಲೆಕ್ಕ ಹಿಡಿಯಬೇಕು, ಹಾಳೆಯಲ್ಲಿ ಬರೆಯಲು ಮರೆಯಬೇಡಿ.

ಸಿಓ ತಪ್ಪಿಸಿಕೊಳ್ಳಲು ದಾರಿ ಇತ್ತು. "ಮೊದಲ ಕೆಲವು ವರ್ಷ ನಮ್ಮ ಓಪನಿಂಗ್ ಹೇಳಿದಂತೆ ಕಬ್ಬಿನ ಕೊರತೆ. ಆ ಕೊರತೆ ತುಂಬಲು ಕಾರ್ಖಾನೆಗಳೇ ರೈತರಿಗೆ ಮುಂಗಡ ಕೊಟ್ಟು ಕಬ್ಬು ಹಾಕಿಸಿದರೆ, ಆಗ ನೀರಿನ ಸಮಸ್ಯೆ" ಎಂದಿದ್ದರೆ ಎರಡೂ ವಾದ ಜೊತೆಗೆ ನಿಲ್ಲುತ್ತಿದ್ದವು. ಇದು ಈಗ ನನ್ನ ಒಂಬತ್ತನೇ ಕಾಲಂ ಮಾತು, ಅಂಕಕ್ಕೆ ಸಂಬಂಧವಿಲ್ಲ.

ಸ್ಥಾನ ಕೊಡುವುದು ಹೇಗೆ? ನಾಲ್ಕೂ ತಂಡಗಳನ್ನು ಒಟ್ಟಿಗೆ ತೂಗಲು ಹೋದರೆ ಗೊಂದಲ. ಎರಡೆರಡಾಗಿ ತೂಗಬೇಕು. ನಾಲ್ಕು ತಂಡಕ್ಕೆ ಆರು ಜೋಡಿ. ಓಜಿ, ಓಓ ಜೋಡಿಯಲ್ಲಿ ಚರ್ಚೆ ನೇರ: ಬಿಲ್ಲು ಬೇಗ ಬರುತ್ತದೋ ತಡವೋ. "ರೈತನ ಬಿಲ್ಲೇ ಮೊದಲು ನಿಲ್ಲುತ್ತದೆ" ಎಂಬುದಕ್ಕೆ ಓಜಿಯಿಂದ ಉತ್ತರ ಬರಲಿಲ್ಲ. ಓಓ ಮೇಲೆ. ಓಜಿ, ಸಿಜಿ ಜೋಡಿಯಲ್ಲಿ ಕೇಳಬೇಕಾದ ಪ್ರಶ್ನೆ ಬೇರೆ: ಸಿಜಿ ಸೇರಿಸಿದ್ದು ಎಷ್ಟು? ಎರಡು ವಾಕ್ಯ. ಓಜಿ ಮೇಲೆ. ಓಜಿ, ಸಿಓ ಜೋಡಿಯನ್ನು ಆ ಪಿಒಐ ತೀರ್ಮಾನಿಸಿತು. ಓಓ ಜೊತೆಗಿನ ಉಳಿದ ಎರಡು ಜೋಡಿಗೆ ಹೆಚ್ಚು ಹೊತ್ತು ಹಿಡಿಯಲಿಲ್ಲ. ಸಿಜಿ, ಸಿಓ ಜೋಡಿಗೆ ಮಾತ್ರ ಜಗಳವೇ ಆಯಿತು. ಸಿಜಿಯದು ತೆಳು, ಆದರೆ ತಮ್ಮವರ ಜೊತೆ ಹೊಂದುತ್ತದೆ. ಸಿಓದು ದಪ್ಪ, ಆದರೆ ತಮ್ಮವರನ್ನೇ ಸುಳ್ಳು ಮಾಡುತ್ತದೆ. ಜಡ್ಜ್‌ಗಳ ಚರ್ಚೆಗೆ ಇರುವುದು ಸುಮಾರು 15 ನಿಮಿಷ, ಒಮ್ಮತ ಆಗದಿದ್ದರೆ ಮತ. ಕೊನೆಗೆ ಸಿಜಿ ಮೂರು, ಸಿಓ ನಾಲ್ಕು ಎಂದಾಯಿತು. ನನಗೆ ಈಗಲೂ ಪೂರ್ತಿ ಒಪ್ಪಿಗೆ ಇಲ್ಲ, ಆದರೆ ಕಾರಣ ಅರ್ಥವಾಗುತ್ತದೆ.

ವಿಪ್ ಬಗ್ಗೆ ಒಂದು ಮಾತು. ವಿಪ್ ಅಂದರೆ ಕ್ಲೋಸಿಂಗ್ ತಂಡದ ಎರಡನೆಯವರು. ನಡೆದ ಚರ್ಚೆಯನ್ನು ತೂಗಿ ತೋರಿಸುವುದು ಅವರ ಕೆಲಸ. ಹೊಸ ಉದಾಹರಣೆ, ಹೊಸ ಉತ್ತರ ಪರವಾಗಿಲ್ಲ. ಹೊಸ ವಾದ ಕೂಡದು. ಅದರಲ್ಲೂ ವಿರೋಧ ಪಕ್ಷದ ವಿಪ್ ಹೊಸದು ತಂದರೆ ಉತ್ತರ ಕೊಡಲು ಆಮೇಲೆ ಯಾರೂ ಉಳಿದಿರುವುದಿಲ್ಲ ಅಲ್ವಾ? ಹಾಗಾಗಿ ಅದನ್ನು ಹಾಳೆಯಲ್ಲಿ ಹೊಡೆದುಹಾಕಿ.

ವೈಯಕ್ತಿಕ ಅಂಕ 50ರಿಂದ 100ರವರೆಗೆ, ಸಾಧಾರಣ ಭಾಷಣಕ್ಕೆ 75. ಸ್ಥಾನ ನಿಂತ ಮೇಲೆಯೇ ಅಂಕ ಹಾಕಬೇಕು, ಮುಂಚೆ ಹಾಕಿದರೆ ಎಡವಟ್ಟು. ಇಬ್ಬರ ಮೊತ್ತ ಸ್ಥಾನದ ಕ್ರಮದಲ್ಲೇ ಇಳಿಯಬೇಕು, ಎರಡು ತಂಡಕ್ಕೆ ಒಂದೇ ಮೊತ್ತ ಬರಬಾರದು. ಆ ದಿನ ಓಓಗೆ 153, ಓಜಿಗೆ 151, ಸಿಜಿಗೆ 149, ಸಿಓಗೆ 148.

ಇಂಗ್ಲಿಷಿನ ವಿಷಯ ನಮ್ಮೂರಿನಲ್ಲಿ ಹೇಳಲೇಬೇಕು. ಬೆಳಗಾವಿಯ ಒಂದೇ ಬೆಂಚಿನಲ್ಲಿ ಕನ್ನಡದವರು, ಮರಾಠಿಯವರು, ಉರ್ದುವಿನವರು ಕೂರುತ್ತಾರೆ. ಡಿಬೇಟ್ ಮಾತ್ರ ಇಂಗ್ಲಿಷಿನಲ್ಲಿ. ಕಾನ್ವೆಂಟ್ ಇಂಗ್ಲಿಷ್ ಕಿವಿಗೆ ಬಿದ್ದ ಕೂಡಲೇ 77 ಬರೆಯುವ ಜಡ್ಜ್‌ಗಳನ್ನು ನೋಡಿದ್ದೇನೆ. ತಪ್ಪು. ಉಚ್ಚಾರಕ್ಕೆ ಅಂಕವಿಲ್ಲ. ಅರ್ಥವಾಯಿತೇ, ಮನಸ್ಸಿಗೆ ನಾಟಿತೇ ಎಂಬುದಷ್ಟೇ ಲೆಕ್ಕ. ವಿಶ್ವ ಚಾಂಪಿಯನ್‌ಶಿಪ್‌ನಲ್ಲೂ ಇಂಗ್ಲಿಷ್ ಎರಡನೇ ಭಾಷೆಯಾದವರಿಗೆ ಬೇರೆ ಫೈನಲ್ ಇದೆ, ಆದರೆ ಜಡ್ಜ್ ಮಾಡುವ ಅಳತೆಗೋಲು ಒಂದೇ. ನಾನಂತೂ ಚೆಂದದ ವಾಕ್ಯ ಕೇಳಿದಾಗ ಹಾಳೆಯಲ್ಲಿ ಅದರ ಸಾರವನ್ನು ಕನ್ನಡದಲ್ಲಿ ಬರೆದುಕೊಳ್ಳುತ್ತೇನೆ. ಕೆಲವು ಸಲ ಬರೆಯಲು ಏನೂ ಸಿಗುವುದಿಲ್ಲ.

ಕೊನೆಯ ಕೆಲಸ ಫಲಿತಾಂಶ ಹೇಳುವುದು. ಮೊದಲು ಸ್ಥಾನ, ಆಮೇಲೆ ಜೋಡಿ ಜೋಡಿಯಾಗಿ ಕಾರಣ. ಅವರವರ ಮಾತನ್ನೇ ಎತ್ತಿ ಹೇಳಬೇಕು. "ನೀವು ಇನ್ನೂ ಆಳಕ್ಕೆ ಹೋಗಬೇಕಿತ್ತು" ಎಂಬುದು ಯಾರಿಗೂ ಉಪಯೋಗಕ್ಕೆ ಬಾರದ ಮಾತು.

ಅದೆಲ್ಲ ಮುಗಿದ ಮೇಲೆ ತಂಡಗಳು ಬಂದು ಬಿಡಿಯಾಗಿ ಕೇಳುತ್ತವೆ. ಒಂಬತ್ತನೇ ಭಾಷಣಕಾರನಿಗೆ ಬಾಯಿ ಬಿಡಲು ಅವಕಾಶ ಇರುವುದು ಆಗ. ಸಿಜಿಯವರು ಬಂದು, ಕಟಾವಿನ ವಾದ ಯಾಕೆ ನಿಲ್ಲಲಿಲ್ಲ ಎಂದು ಕೇಳಿದರು. ಚೇರ್ ನನ್ನ ಕಡೆ ಕೈ ತೋರಿಸಿದರು. ಗ್ಯಾಂಗು, ಟ್ರ್ಯಾಕ್ಟರ್ ಸಾಲು, ಖಾಲಿಯಾಗದ ಹೊಲ, ಎಲ್ಲ ಹೇಳಿದೆ. ಹುಡುಗಿ ಗಬಗಬನೆ ಬರೆದುಕೊಂಡಳು. ಅವಳ ಜೊತೆಗಾರ ಬೆಳಗಾವಿ ಪೇಟೆಯಲ್ಲೇ ಹುಟ್ಟಿ ಬೆಳೆದವನು. "ಸೂಲಂಗಿ ಅಂದರೆ ಏನಣ್ಣ?" ಅಂದ. ಕಬ್ಬಿನ ಹೂವಪ್ಪಾ, ನೋಡಲು ಬೆಳ್ಳಿಯ ಪೊರಕೆ ಹಾಗೆ ಇರುತ್ತದೆ ಎಂದು ಹೇಳುವಷ್ಟರಲ್ಲಿ ಮುಂದಿನ ರೌಂಡಿಗೆ ಕರೆದರು.