ದೀಪದೊಳಗೆ ಬಚ್ಚಿಟ್ಟ ಬಾಟಲಿ

ಕಿಟಕಿಯ ಹೊರಗೆ ದಾರಕ್ಕೆ ಕಟ್ಟಿದ ವಿಸ್ಕಿ ಬಾಟಲಿಯೊಂದು ನೇತಾಡುತ್ತಿದೆ. ಒಳಗೆ ಒಬ್ಬ ಪ್ರಯಾಣಕ್ಕೆ ಬಟ್ಟೆ ಜೋಡಿಸುತ್ತಿದ್ದಾನೆ. ಒಡಹುಟ್ಟಿದವನು ಪಕ್ಕದಲ್ಲೇ ಇದ್ದಾನೆ. ಕೈ ಪೆಟ್ಟಿಗೆಯ ಮೇಲಿದ್ದರೂ ಮನಸ್ಸೆಲ್ಲ ಆ ಬಾಟಲಿಯ ಮೇಲೆ. 1945ರ ‘ದಿ ಲಾಸ್ಟ್ ವೀಕೆಂಡ್’ ಶುರುವಾಗುವುದು ಹೀಗೆ. ಸಿನಿಮಾ ಕುಡಿತವನ್ನು ನೋಡುವ ರೀತಿ ಬದಲಾದದ್ದೂ ಇಲ್ಲಿಂದಲೇ ಅಂತ ನನ್ನ ನಂಬಿಕೆ.

ಅಲ್ಲಿಯವರೆಗೆ ತೆರೆಯ ಮೇಲಿನ ಕುಡುಕನಿಗೆ ಇದ್ದದ್ದು ಎರಡೇ ವೇಷ. ಒಂದು, ತೂರಾಡಿ ನಗಿಸುವವನದು. ಚಾಪ್ಲಿನ್ 1916ರಲ್ಲೇ ‘ಒನ್ ಎ.ಎಂ.’ ಚಿತ್ರದಲ್ಲಿ ಕುಡಿದು ಮನೆಗೆ ಬಂದವನು ಹಾಸಿಗೆ ಸೇರಲು ಪಡುವ ಪಾಡನ್ನೇ ಇಡೀ ಸಿನಿಮಾ ಮಾಡಿದ್ದರು. ಇನ್ನೊಂದು, ಮನೆಯವರ ಕಣ್ಣೀರು ಕಂಡು ತಿದ್ದಿಕೊಳ್ಳುವ ಪಾಪಿಯದು. ನಿರ್ದೇಶಕ ಗ್ರಿಫಿತ್ ಅವರ 1909ರ ‘ಎ ಡ್ರಂಕರ್ಡ್ಸ್ ರಿಫಾರ್ಮೇಷನ್’ ಚಿತ್ರದಲ್ಲಿ ಅಪ್ಪ ಮಗಳ ಜೊತೆ ನಾಟಕಕ್ಕೆ ಹೋಗುತ್ತಾನೆ. ಅಲ್ಲಿ ಕುಡುಕನೊಬ್ಬನ ಗತಿ ನೋಡಿ ಕುಡಿತ ಬಿಡುತ್ತಾನೆ. ಒಂದೇ ಸಂಜೆಗೆ! ಮನೆಯಲ್ಲಿ ಕುಡಿಯುವವರನ್ನು ಕಂಡವರಿಗೆ ಇದು ಎಷ್ಟು ಸುಳ್ಳು ಅಂತ ಗೊತ್ತು, ಅಲ್ವಾ?

‘ದಿ ಲಾಸ್ಟ್ ವೀಕೆಂಡ್’ನಲ್ಲಿ ನಿರ್ದೇಶಕ ಬಿಲ್ಲಿ ವೈಲ್ಡರ್ ತೋರಿಸಿದ್ದು ತೂರಾಟಕ್ಕಿಂತ ಜಾಸ್ತಿ ಬಚ್ಚಿಡುವುದನ್ನು. ಬಾರಿನ ಕೌಂಟರ್ ಮೇಲೆ ಗ್ಲಾಸಿನ ಒದ್ದೆ ಉಂಗುರಗಳು ಒಂದೊಂದಾಗಿ ಹೆಚ್ಚುತ್ತವೆ. ಒರೆಸಲು ಬಂದರೆ ನಾಯಕ ಬೇಡ ಅನ್ನುತ್ತಾನೆ. ರಾತ್ರಿ ಬಾಟಲಿಯನ್ನು ಎಲ್ಲೋ ಅಡಗಿಸಿಡುತ್ತಾನೆ. ಎಲ್ಲಿಟ್ಟೆ ಅನ್ನುವುದೇ ಮರೆತುಹೋಗುತ್ತದೆ. ಮನೆಯೆಲ್ಲ ಕಿತ್ತು ಹರವಿ, ಸೋತು ಒರಗಿದಾಗ ಮೇಲೆ ದೀಪದ ಬಟ್ಟಲಿನಲ್ಲಿ ಅದರ ನೆರಳು ಕಾಣುತ್ತದೆ. ಆಗ ಅವನ ಮುಖದಲ್ಲಿ ಮೂಡುವ ನಗು ನೋಡಿದರೆ ಸಂಕಟವಾಗುತ್ತದೆ. ಚಿತ್ರಕ್ಕೆ 4 ಆಸ್ಕರ್ ಬಂದವು. ಆದರೆ ಕೊನೆಗೆ ಅವನು ಸಿಗರೇಟನ್ನು ವಿಸ್ಕಿ ಗ್ಲಾಸಿಗೆ ಹಾಕಿ, ಕಾದಂಬರಿ ಬರೆಯುವ ಮಾತಾಡುತ್ತಾನೆ. ಅಲ್ಲಿ ಮಾತ್ರ ಹಳೆಯ ಸುಳ್ಳು ಮತ್ತೆ ಇಣುಕುತ್ತದೆ.

ಹೊರಗಿನ ಜಗತ್ತೂ ಬದಲಾಗುತ್ತಿತ್ತು. 1935ರಲ್ಲಿ ಅಮೆರಿಕದಲ್ಲಿ, ಕುಡಿತ ಬಿಡಲು ಕುಡುಕರೇ ಒಬ್ಬರಿಗೊಬ್ಬರು ನೆರವಾಗುವ ‘ಆಲ್ಕೊಹಾಲಿಕ್ಸ್ ಅನಾನಿಮಸ್’ ಕೂಟ ಹುಟ್ಟಿತ್ತು. 1956ರಲ್ಲಿ ಅಲ್ಲಿನ ವೈದ್ಯರ ಸಂಘ ಕುಡಿತದ ಚಟವನ್ನು ಕಾಯಿಲೆ ಎಂದು ಒಪ್ಪಿತು. ಡ್ರಗ್ಸ್ ವಿಷಯದಲ್ಲಿ ಮಾತ್ರ, ತೆರೆಯ ಮೇಲೆ ಏನು ತೋರಿಸಬಹುದು ಅಂತ ಹೇಳುವ ಹಾಲಿವುಡ್ಡಿನ ನಿಯಮವೇ ಅಡ್ಡ ನಿಂತಿತ್ತು. 1955ರಲ್ಲಿ ಒಟ್ಟೊ ಪ್ರೆಮಿಂಜರ್, ಹೆರಾಯಿನ್ ಚಟದ ಕತೆಯ ‘ದಿ ಮ್ಯಾನ್ ವಿತ್ ದ ಗೋಲ್ಡನ್ ಆರ್ಮ್’ ಚಿತ್ರವನ್ನು ಆ ನಿಯಮದ ಒಪ್ಪಿಗೆಯ ಮುದ್ರೆ ಇಲ್ಲದೆಯೇ ತೆರೆಗೆ ತಂದರು. ಮರುವರ್ಷ ನಿಯಮ ಸಡಿಲವಾಯಿತು.

ನನ್ನನ್ನು ಜಾಸ್ತಿ ಕಾಡುವುದು 1962ರ ‘ಡೇಸ್ ಆಫ್ ವೈನ್ ಅಂಡ್ ರೋಸಸ್’. ಅದರ ನಾಯಕಿ ಕುಡಿಯುವವಳಲ್ಲ. ಅವಳಿಗೆ ಇಷ್ಟ ಚಾಕೊಲೇಟ್. ಅದು ಗೊತ್ತಾಗಿ ನಾಯಕ ಚಾಕೊಲೇಟ್ ರುಚಿಯ ಮದ್ಯ ತರಿಸಿ ಕೊಡುತ್ತಾನೆ. ಅಷ್ಟೇ, ಪ್ರೀತಿಯಿಂದ. ಕೊನೆಗೆ ಅವನು ಬಿಡುತ್ತಾನೆ, ಅವಳಿಗೆ ಬಿಡಲಾಗುವುದಿಲ್ಲ. ಕುಡಿತ ಒಬ್ಬರ ಕತೆಯಲ್ಲ, ಇಡೀ ಮನೆಯ ಕತೆ ಅಂತ ಇಷ್ಟು ಮೆತ್ತಗೆ ಹೇಳಿದ ಚಿತ್ರ ನನಗೆ ಬೇರೆ ಸಿಕ್ಕಿಲ್ಲ.

ನಮ್ಮ ದೇಶದ ಸಿನಿಮಾದಲ್ಲಿ ಬಾಟಲಿ ಹಿಡಿದವನು ಬಹುಕಾಲ ದೇವದಾಸನೇ. 1917ರ ಕಾದಂಬರಿ 1935, 1955, 2002ರಲ್ಲಿ ಮತ್ತೆ ಮತ್ತೆ ತೆರೆಗೆ ಬಂತು. ಪ್ರೀತಿ ಸೋತವನು ಕುಡಿಯಲೇಬೇಕು ಅನ್ನುವ ಹಾಗೆ ನೋವಿಗೂ ಗ್ಲಾಸಿಗೂ ಗಂಟು ಬಿತ್ತು. ಆ ಗಂಟು ಸುಂದರವಾಗಿ ಕಂಡದ್ದೇ ನನಗೆ ಬೇಸರ.

ಮುಂದೆ ಚಟದ ಅರ್ಥವೇ ಹಿಗ್ಗಿತು. 2000ದ ‘ರಿಕ್ವಿಯಮ್ ಫಾರ್ ಎ ಡ್ರೀಮ್’ ಚಿತ್ರದಲ್ಲಿ ಮಗನದು ಹೆರಾಯಿನ್, ತಾಯಿಯದು ತೆಳ್ಳಗಾಗಲು ಡಾಕ್ಟರೇ ಬರೆದುಕೊಟ್ಟ ಮಾತ್ರೆ.

2012ರ ‘ಫ್ಲೈಟ್’ನಲ್ಲಿ ಡೆನ್ಜೆಲ್ ವಾಷಿಂಗ್ಟನ್ ಕುಡುಕ ಪೈಲಟ್. ವಿಮಾನ ಅಪಘಾತದ ವಿಚಾರಣೆಯ ಹಿಂದಿನ ರಾತ್ರಿ. ಹೋಟೆಲ್ ರೂಮಿನಲ್ಲಿ ಒಂದು ತೊಟ್ಟೂ ಮದ್ಯ ಇಟ್ಟಿಲ್ಲ. ಆದರೆ ಪಕ್ಕದ ರೂಮಿನ ಬಾಗಿಲು ತೆರೆದಿದೆ, ಅಲ್ಲಿನ ಫ್ರಿಜ್ ತುಂಬ ಪುಟ್ಟ ಬಾಟಲಿಗಳು. ಒಂದನ್ನು ತೆಗೆಯುತ್ತಾನೆ. ಕೆಳಗಿಡುತ್ತಾನೆ. ಸ್ವಲ್ಪ ಹೊತ್ತು ತೆರೆಯಲ್ಲಿ ಬಾಟಲಿ ಒಂದೇ. ಆಮೇಲೆ ಒಂದು ಕೈ ಬಂದು ಅದನ್ನು ಬಾಚಿಕೊಳ್ಳುತ್ತದೆ. ಮರುದಿನ ಇನ್ನೊಂದು ಸುಳ್ಳು ಹೇಳಿದ್ದರೆ ಅವನು ಪಾರಾಗುತ್ತಿದ್ದ. ಬಾಯಿ ಬರುವುದಿಲ್ಲ. ಕುಡಿಯದ ದಿನಗಳನ್ನು ಅವನು ಕಾಣುವುದು ಜೈಲಿನಲ್ಲಿ, ಉಳಿದ ಕೈದಿಗಳ ನಡುವೆ ಕುರ್ಚಿ ಹಾಕಿಕೊಂಡು ತನ್ನ ಕತೆ ಹೇಳುತ್ತಾ.